ಅಧ್ಯಾಯ ಕೊಟ್ಟ ಮೇಲೆ ಎಷ್ಟು ದಿನ? ಸಂಶೋಧನಾರ್ಥಿ ಮತ್ತು ಮಾರ್ಗದರ್ಶಕರ ನಡುವೆ ಮಾತಿಗೆ ಬಾರದ ನಿರೀಕ್ಷೆಗಳು

ಪಿಎಚ್.ಡಿ. ಮಾಡುತ್ತಿರುವವರು ತಮ್ಮ ಕಷ್ಟಗಳನ್ನು ಹೇಳಿಕೊಳ್ಳಲು ಕುಳಿತರೆ ಆಕರಗಳ ಕೊರತೆ, ಫೆಲೋಶಿಪ್ ಹಣದ ವಿಳಂಬ, ಪ್ರಕಟಣೆಯ ಒತ್ತಡ ಎಲ್ಲವೂ ಬಂದುಹೋದ ಮೇಲೆ ಬಹಳ ಸಲ ಮಾತು ಬಂದು ನಿಲ್ಲುವುದು ಒಂದೇ ಕಡೆ: ಅಧ್ಯಾಯ ಕೊಟ್ಟು ಎರಡು ತಿಂಗಳಾಯಿತು, ಗೈಡ್ ಇನ್ನೂ ಓದಿಲ್ಲ. ಮಾರ್ಗದರ್ಶಕರನ್ನು ಕೇಳಿದರೆ ಅವರ ದೂರು ಬೇರೆ. ಆರು ತಿಂಗಳು ಸುದ್ದಿಯೇ ಇಲ್ಲದ ವಿದ್ಯಾರ್ಥಿ ಒಂದು ದಿನ ಇದ್ದಕ್ಕಿದ್ದಂತೆ ನೂರು ಪುಟ ಕಳುಹಿಸಿ, ಮುಂದಿನ ವಾರವೇ ಅಭಿಪ್ರಾಯ ಬೇಕೆಂದು ಕೇಳುತ್ತಾರೆ ಎಂದು ಅವರು ಹೇಳುತ್ತಾರೆ. ಎರಡೂ ಮಾತುಗಳು ನಿಜವಾಗಿರಲು ಸಾಧ್ಯವಿದೆ, ಒಂದೇ ವಿಭಾಗದಲ್ಲಿ ಒಂದೇ ಸಮಯದಲ್ಲಿ ನಿಜವಾಗಿರಲೂ ಸಾಧ್ಯವಿದೆ. ಈ ಎರಡು ದೂರುಗಳ ಮೂಲದಲ್ಲಿರುವುದು ಸೋಮಾರಿತನವೋ ಅವಸರವೋ ಎಂದು ತೀರ್ಮಾನಿಸುವುದಕ್ಕೆ ಮೊದಲು ಒಂದು ಸರಳ ಸಂಗತಿಯನ್ನು ಗಮನಿಸಬೇಕು: ಕರಡನ್ನು ಎಷ್ಟು ದಿನದೊಳಗೆ ಓದಿಕೊಡಬೇಕು, ಓದಿ ಏನು ಹೇಳಬೇಕು ಎಂಬುದನ್ನು ಇಬ್ಬರೂ ಯಾವತ್ತೂ ಎದುರಾಬದುರು ಕುಳಿತು ಮಾತನಾಡಿಕೊಂಡಿರುವುದಿಲ್ಲ. ವಿಳಂಬವು ಹಾನಿ ಮಾಡುತ್ತದೆ, ನಿಜ. ಆದರೆ ಗೊತ್ತಿರುವ ಆರು ವಾರಗಳಿಗಿಂತ ಗೊತ್ತಿಲ್ಲದ ಮೂರು ವಾರಗಳೇ ಹೆಚ್ಚು ಹಾನಿ ಮಾಡುತ್ತವೆ ಎಂಬುದು ಈ ಲೇಖನದ ವಾದ.

ಕಾಯುವ ಆ ದಿನಗಳಲ್ಲಿ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ವಿದ್ಯಾರ್ಥಿಯ ಇಮೇಲ್ ಸಾಮಾನ್ಯವಾಗಿ ಹೀಗಿರುತ್ತದೆ: "ಸರ್, ಎರಡನೇ ಅಧ್ಯಾಯದ ಕರಡನ್ನು ಲಗತ್ತಿಸಿದ್ದೇನೆ. ತಮಗೆ ಬಿಡುವಾದಾಗ ದಯವಿಟ್ಟು ನೋಡಿ ತಿಳಿಸಬೇಕಾಗಿ ವಿನಂತಿ." ಗೌರವ ತುಂಬಿದ ಈ ಎರಡು ವಾಕ್ಯಗಳಲ್ಲಿ ಯಾವ ದಿನಾಂಕವೂ ಇಲ್ಲ, ಯಾವ ಪ್ರಶ್ನೆಯೂ ಇಲ್ಲ. ಮಾರ್ಗದರ್ಶಕರು ಅದನ್ನು ಬರೆದಂತೆಯೇ ಓದಿಕೊಳ್ಳುತ್ತಾರೆ, ಅಂದರೆ ಬಿಡುವಾದಾಗ ನೋಡಿದರೆ ಸಾಕು ಎಂದುಕೊಳ್ಳುತ್ತಾರೆ. ವಿದ್ಯಾರ್ಥಿಯ ಮನಸ್ಸಿನಲ್ಲಿ ಮಾತ್ರ ಹತ್ತು ದಿನದ ಲೆಕ್ಕವೊಂದು ಶುರುವಾಗಿರುತ್ತದೆ. ಹನ್ನೊಂದನೇ ದಿನದಿಂದ ಮೌನಕ್ಕೆ ಅರ್ಥ ಹಚ್ಚುವ ಕೆಲಸ ಆರಂಭ. ಬರಹ ತೀರಾ ಕಳಪೆಯಾಗಿದೆಯೇ, ಅವರಿಗೆ ಸಿಟ್ಟು ಬಂದಿದೆಯೇ, ವಿಷಯದಲ್ಲೇ ಆಸಕ್ತಿ ಹೋಗಿದೆಯೇ ಎಂಬ ಪ್ರಶ್ನೆಗಳು ಏಳುತ್ತವೆ. ನೆನಪಿಸಲು ಇಮೇಲ್ ಬರೆಯುವುದು, ಅದು ಒತ್ತಾಯದಂತೆ ಕಾಣಿಸೀತೆಂದು ಅಳಿಸುವುದು, ಕಾರಿಡಾರಿನಲ್ಲಿ ಎದುರಾದಾಗ ಬೇರೆ ಏನನ್ನೋ ಮಾತನಾಡಿ ಬರುವುದು ಇವೆಲ್ಲ ಸಂಶೋಧನೆ ಮಾಡಿದವರಿಗೆಲ್ಲ ಪರಿಚಿತ. ಇತ್ತ ಮಾರ್ಗದರ್ಶಕರು ಆ ಕಡತವನ್ನು ಇನ್ನೂ ತೆರೆದೇ ಇಲ್ಲದಿರಬಹುದು. ತೆರೆಯದ ಕಡತದ ಬಗ್ಗೆ ಅವರಿಗೆ ಯಾವ ಅಭಿಪ್ರಾಯವೂ ಇರುವುದಿಲ್ಲ, ಆದರೆ ಅವರ ಮೌನವನ್ನೇ ಅಭಿಪ್ರಾಯವೆಂದು ಓದಿಕೊಂಡ ವಿದ್ಯಾರ್ಥಿ ಅಷ್ಟರಲ್ಲಿ ಮೂರನೇ ಅಧ್ಯಾಯದ ಬರವಣಿಗೆಯನ್ನು ನಿಲ್ಲಿಸಿಬಿಟ್ಟಿರುತ್ತಾರೆ.

ಇದರ ಕಾಲದ ಲೆಕ್ಕವನ್ನು ಹಾಕಿ ನೋಡಿದರೆ ಸಮಸ್ಯೆಯ ಗಾತ್ರ ಕಾಣುತ್ತದೆ. ಆರು ಅಧ್ಯಾಯಗಳ ಒಂದು ಮಹಾಪ್ರಬಂಧದಲ್ಲಿ ಪ್ರತಿ ಅಧ್ಯಾಯವೂ ಮೂರು ಸಲ ಮಾರ್ಗದರ್ಶಕರ ಕೈಗೆ ಹೋಗಿ ಬರುತ್ತದೆ ಎಂದು ಇಟ್ಟುಕೊಳ್ಳೋಣ. ಒಟ್ಟು ಹದಿನೆಂಟು ಸುತ್ತು. ಒಂದು ಸುತ್ತಿಗೆ ಎರಡು ವಾರವಾದರೆ 36 ವಾರ, ಆರು ವಾರವಾದರೆ 108 ವಾರ. ಎರಡರ ನಡುವಿನ ಅಂತರ 72 ವಾರ, ಅಂದರೆ ಸುಮಾರು ಒಂದೂವರೆ ವರ್ಷ. ಕಾಯುವಾಗ ಬೇರೆ ಅಧ್ಯಾಯ ಬರೆಯಬಹುದಲ್ಲ ಎಂಬ ಉತ್ತರ ಅರ್ಧ ಸರಿ. ಆಕರ ಸಂಗ್ರಹ, ದತ್ತಾಂಶದ ಪರಿಷ್ಕರಣೆ, ಗ್ರಂಥಸೂಚಿಯಂಥ ಕೆಲಸಗಳು ಯಾರ ಅಭಿಪ್ರಾಯಕ್ಕೂ ಕಾಯುವುದಿಲ್ಲ. ಆದರೆ ಸಂಶೋಧನಾ ಪ್ರಶ್ನೆಯನ್ನು ನಿರೂಪಿಸುವ ಅಧ್ಯಾಯವಾಗಲಿ, ವಿಧಾನವನ್ನು ವಿವರಿಸುವ ಅಧ್ಯಾಯವಾಗಲಿ ಒಪ್ಪಿಗೆಯಾಗದೆ ಮುಂದಿನ ವಿಶ್ಲೇಷಣೆ ಬರೆದರೆ, ನಂತರ ಬುನಾದಿಯೇ ಬದಲಾದಾಗ ಬರೆದದ್ದೆಲ್ಲ ವ್ಯರ್ಥವಾಗುತ್ತದೆ. ಆದ್ದರಿಂದ ಯಾವ ಕರಡು ಮುಂದಿನ ಕೆಲಸವನ್ನು ತಡೆಹಿಡಿಯುತ್ತದೆ, ಯಾವುದು ತಡೆಹಿಡಿಯುವುದಿಲ್ಲ ಎಂಬ ವ್ಯತ್ಯಾಸ ಇಲ್ಲಿ ಬಹಳ ಮುಖ್ಯ. ಈ ವ್ಯತ್ಯಾಸವನ್ನು ಮಾರ್ಗದರ್ಶಕರು ತಾವಾಗಿಯೇ ಊಹಿಸಲಿ ಎಂದು ಬಿಡುವುದು ಸರಿಯಲ್ಲ, ವಿದ್ಯಾರ್ಥಿಯೇ ಅದನ್ನು ಬರೆದು ತಿಳಿಸಬೇಕು.

ಡಾಕ್ಟರೇಟ್ ಹಂತದಲ್ಲಿ ಎಷ್ಟು ಮಂದಿ ಕೊನೆ ಮುಟ್ಟುತ್ತಾರೆ ಎಂಬ ಬಗ್ಗೆ ಅಮೆರಿಕದ ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್ 2008ರಲ್ಲಿ ಪ್ರಕಟಿಸಿದ ಅಂಕಿ ಅಂಶಗಳು ಇಂದಿಗೂ ಚರ್ಚೆಗೆ ಬರುತ್ತವೆ. ಅಧ್ಯಯನಕ್ಕೆ ಒಳಪಟ್ಟ ವಿಶ್ವವಿದ್ಯಾಲಯಗಳಲ್ಲಿ ಹತ್ತು ವರ್ಷಗಳ ಒಳಗೆ ಪದವಿ ಪಡೆದವರು ಸುಮಾರು ಶೇ 57 ಮಂದಿ, ಮಾನವಿಕ ವಿಷಯಗಳಲ್ಲಿ ಈ ಪ್ರಮಾಣ ಶೇ 50ನ್ನೂ ಮುಟ್ಟಿರಲಿಲ್ಲ. ಉಳಿದವರೆಲ್ಲ ಮಾರ್ಗದರ್ಶಕರ ವಿಳಂಬದಿಂದಲೇ ಬಿಟ್ಟುಹೋದರು ಎಂದು ಈ ಸಂಖ್ಯೆ ಹೇಳುವುದಿಲ್ಲ. ಹಣ, ಕುಟುಂಬ, ಬೇರೆ ಉದ್ಯೋಗ ಎಲ್ಲವೂ ಅದರಲ್ಲಿವೆ. ಸಂಪರ್ಕದ ಪ್ರಮಾಣ ಎಷ್ಟು ಕಡಿಮೆ ಎಂಬುದಕ್ಕೆ ನೇಚರ್ ಪತ್ರಿಕೆ 2019ರಲ್ಲಿ ನಡೆಸಿದ ಸಮೀಕ್ಷೆ ಒಂದು ಸೂಚನೆ ಕೊಡುತ್ತದೆ. ಬೇರೆ ಬೇರೆ ದೇಶಗಳ 6,300ಕ್ಕೂ ಹೆಚ್ಚು ಪಿಎಚ್.ಡಿ. ವಿದ್ಯಾರ್ಥಿಗಳು ಉತ್ತರಿಸಿದ ಆ ಸಮೀಕ್ಷೆಯಲ್ಲಿ ಸುಮಾರು ಅರ್ಧದಷ್ಟು ಮಂದಿ, ಮಾರ್ಗದರ್ಶಕರೊಂದಿಗೆ ಮುಖಾಮುಖಿಯಾಗಿ ಕಳೆಯುವ ಸಮಯ ವಾರಕ್ಕೆ ಒಂದು ಗಂಟೆಗಿಂತ ಕಡಿಮೆ ಎಂದಿದ್ದರು. ಬೆಲ್ಜಿಯಂನ ಫ್ಲಾಂಡರ್ಸ್ ಪ್ರದೇಶದ 3,659 ಸಂಶೋಧನಾರ್ಥಿಗಳನ್ನು ಕುರಿತು 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಶೇ 32ರಷ್ಟು ಮಂದಿ ಮಾನಸಿಕ ಅನಾರೋಗ್ಯದ ಅಪಾಯದ ಅಂಚಿನಲ್ಲಿದ್ದರು. ಅವರ ಸ್ಥಿತಿಯೊಂದಿಗೆ ಸಂಬಂಧ ತೋರಿದ ಅಂಶಗಳಲ್ಲಿ ಮಾರ್ಗದರ್ಶಕರ ನಾಯಕತ್ವದ ರೀತಿಯೂ ಒಂದು. ಉತ್ತರ ಬಾರದ ಇಮೇಲ್ ಒಂದೇ ಯಾರನ್ನೂ ಕಾಯಿಲೆಗೆ ತಳ್ಳುವುದಿಲ್ಲ. ಆದರೆ ಈಗಾಗಲೇ ಒಂಟಿಯಾಗಿ ಕೆಲಸ ಮಾಡುತ್ತಿರುವ, ಭವಿಷ್ಯದ ಬಗ್ಗೆ ಅನಿಶ್ಚಿತರಾಗಿರುವ ಮನುಷ್ಯರ ಮೇಲೆ ಅದು ಬಂದು ಬೀಳುತ್ತದೆ ಎಂಬುದನ್ನು ಮರೆಯಬಾರದು.

ನಿರೀಕ್ಷೆಗಳು ಹೊಂದಿಕೆಯಾಗದಿರುವುದನ್ನು ಅಳೆಯಲು ಪ್ರಯತ್ನಿಸಿದವರೂ ಇದ್ದಾರೆ. ಆಸ್ಟ್ರೇಲಿಯಾದಲ್ಲಿ ಇಂಗ್ರಿಡ್ ಮೋಸೆಸ್ ಎಂಬ ಶಿಕ್ಷಣತಜ್ಞೆ 1980ರ ದಶಕದಲ್ಲಿ ರೂಪಿಸಿದ ಪ್ರಶ್ನಾವಳಿಯೊಂದು ಹಲವು ವಿಶ್ವವಿದ್ಯಾಲಯಗಳಲ್ಲಿ ಬೇರೆ ಬೇರೆ ರೂಪಗಳಲ್ಲಿ ಈಗಲೂ ಬಳಕೆಯಲ್ಲಿದೆ. ಅದರಲ್ಲಿ ಪ್ರತಿ ಸಾಲಿನ ಎರಡು ತುದಿಗಳಲ್ಲಿ ಎರಡು ವಿರುದ್ಧ ಹೇಳಿಕೆಗಳಿರುತ್ತವೆ, ನಡುವೆ ಒಂದರಿಂದ ಐದರವರೆಗೆ ಅಂಕಿಗಳಿರುತ್ತವೆ. ಒಂದು ತುದಿಯಲ್ಲಿ, ಪ್ರತಿ ಭಾಗದ ಕರಡನ್ನೂ ತನಗೆ ತೋರಿಸಲೇಬೇಕೆಂದು ಮಾರ್ಗದರ್ಶಕರು ಪಟ್ಟು ಹಿಡಿಯಬೇಕು ಎಂದಿದ್ದರೆ, ಇನ್ನೊಂದು ತುದಿಯಲ್ಲಿ ವಿದ್ಯಾರ್ಥಿಗೆ ಅಭಿಪ್ರಾಯ ಬೇಕೆನಿಸಿದಾಗ ಮಾತ್ರ ಕರಡು ಕೊಟ್ಟರೆ ಸಾಕು ಎಂದಿರುತ್ತದೆ. ಭೇಟಿಗೆ ಕರೆಯಬೇಕಾದವರು ಯಾರು, ವಿಷಯ ಆಯ್ಕೆ ಯಾರ ಹೊಣೆ, ಬರವಣಿಗೆಯಲ್ಲಿ ಎಡವಿದರೆ ಕೈಹಿಡಿಯಬೇಕೇ ಬೇಡವೇ ಎಂಬ ಸಾಲುಗಳೂ ಇವೆ. ವಿದ್ಯಾರ್ಥಿ ಮತ್ತು ಮಾರ್ಗದರ್ಶಕರು ಇದನ್ನು ಪ್ರತ್ಯೇಕವಾಗಿ ತುಂಬಿ, ನಂತರ ಹೋಲಿಸಿ ಮಾತನಾಡಬೇಕು. ಈ ಹಾಳೆಯಲ್ಲಿ ಸರಿ ಉತ್ತರ ಎಂಬುದಿಲ್ಲ. ಮಾರ್ಗದರ್ಶಕರು ಐದು ಎಂದು ಗುರುತು ಹಾಕಿದ ಜಾಗದಲ್ಲಿ ವಿದ್ಯಾರ್ಥಿ ಒಂದು ಎಂದು ಹಾಕಿದ್ದರೆ ಮೊದಲ ತಿಂಗಳಲ್ಲೇ ಅದು ಗೊತ್ತಾಗುತ್ತದೆ. ಇಲ್ಲದಿದ್ದರೆ ಮೂರನೇ ವರ್ಷದಲ್ಲಿ, ಸಂಬಂಧ ಹಳಸಿದ ಮೇಲೆ ಗೊತ್ತಾಗುತ್ತದೆ. ಇಷ್ಟು ಅಗ್ಗದ, ಇಷ್ಟು ಉಪಯುಕ್ತವಾದ ಸಾಧನವನ್ನು ಪ್ರತಿಯೊಂದು ವಿಭಾಗವೂ ನೋಂದಣಿಯ ಮೊದಲ ವಾರಗಳಲ್ಲೇ ಏಕೆ ಬಳಸಬಾರದು ಎಂಬುದಕ್ಕೆ ನನಗೆ ಯಾವ ಒಳ್ಳೆಯ ಕಾರಣವೂ ಕಾಣುವುದಿಲ್ಲ.

ಮಾರ್ಗದರ್ಶಕರು ತಡಮಾಡುವುದು ಏಕೆ ಎಂಬ ಪ್ರಶ್ನೆಗೆ ಕೆಲಸದ ಹೊರೆ ಎಂಬ ಉತ್ತರ ತಕ್ಷಣ ಬರುತ್ತದೆ, ಮತ್ತು ಅದು ನೆಪ ಮಾತ್ರವಲ್ಲ. ಭಾರತದ ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನಿಯಮಾವಳಿಯ ಪ್ರಕಾರ ಪ್ರಾಧ್ಯಾಪಕರೊಬ್ಬರು ಏಕಕಾಲಕ್ಕೆ ಎಂಟು, ಸಹ ಪ್ರಾಧ್ಯಾಪಕರು ಆರು, ಸಹಾಯಕ ಪ್ರಾಧ್ಯಾಪಕರು ನಾಲ್ಕು ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ನೀಡಬಹುದು. ಎಂಟು ಮಂದಿಯೂ ಒಂದು ಸೆಮಿಸ್ಟರಿನಲ್ಲಿ ತಲಾ ಎರಡು ಅಧ್ಯಾಯ ಕೊಟ್ಟರೆ ಹದಿನಾರು ಅಧ್ಯಾಯ. ಹತ್ತು ಹನ್ನೆರಡು ಸಾವಿರ ಪದಗಳ ಒಂದು ಅಧ್ಯಾಯವನ್ನು ವಾದದ ಎಳೆ ಹಿಡಿದು, ಆಕರಗಳನ್ನು ಅಲ್ಲಲ್ಲಿ ಪರಿಶೀಲಿಸಿ, ಟಿಪ್ಪಣಿ ಹಾಕಿ ಓದಲು ಎಂಟು ಗಂಟೆ ಬೇಕೆಂದರೆ ಒಟ್ಟು 128 ಗಂಟೆ, ಅಂದರೆ ಹದಿನಾರು ಪೂರ್ಣ ಕೆಲಸದ ದಿನಗಳು. ಆ ಹದಿನಾರು ದಿನಗಳು ಯಾವ ವೇಳಾಪಟ್ಟಿಯಲ್ಲೂ ಕಾಣಿಸುವುದಿಲ್ಲ. ತರಗತಿಗೆ ಗಂಟೆ ನಿಗದಿಯಾಗಿರುತ್ತದೆ, ಸಭೆಗೆ ಸೂಚನಾಪತ್ರ ಬರುತ್ತದೆ, ಉತ್ತರಪತ್ರಿಕೆ ತಿದ್ದಲು ಕೊನೆಯ ದಿನಾಂಕವಿರುತ್ತದೆ; ಕರಡು ಓದುವುದಕ್ಕೆ ಮಾತ್ರ ಅಂಥ ಯಾವುದೂ ಇಲ್ಲದ ಕಾರಣ ಅದು ಉಳಿದೆಲ್ಲವುಗಳ ಹಿಂದೆ ಸರಿಯುತ್ತದೆ. ಸಂಸ್ಥೆಗಳು ಮಾರ್ಗದರ್ಶನವನ್ನು ಬಡ್ತಿಯ ಅಂಕಗಳಲ್ಲಿ ಎಣಿಸುವಾಗ ನೋಂದಾಯಿಸಿಕೊಂಡವರ ಮತ್ತು ಪದವಿ ಪಡೆದವರ ಸಂಖ್ಯೆಯನ್ನಷ್ಟೇ ನೋಡುತ್ತವೆ, ಓದಿಗೆ ಹಿಡಿದ ಸಮಯವನ್ನು ನೋಡುವುದಿಲ್ಲ. ಹೊರೆಯ ಮಾತಿನಲ್ಲಿ ಸತ್ಯವಿದೆ ಎಂದಾದರೆ ಅದರ ಪರಿಹಾರವನ್ನು ಆಡಳಿತದಿಂದ ಕೇಳಬೇಕು. ಈಗ ಅದರ ಬೆಲೆಯನ್ನು ತೆರುತ್ತಿರುವವರು ಸಂಶೋಧನಾರ್ಥಿಗಳು.

ಹೊರೆಯಾಚೆಗೆ ಇನ್ನೂ ಎರಡು ಕಾರಣಗಳಿವೆ. ಒಂದು, ಕರಡು ದುರ್ಬಲವಾಗಿದ್ದಾಗ ಓದು ಇನ್ನಷ್ಟು ತಡವಾಗುತ್ತದೆ. ಮೊದಲ ನಾಲ್ಕು ಪುಟಗಳಲ್ಲೇ ವಾದ ನಿಲ್ಲುತ್ತಿಲ್ಲ ಎಂದು ಗೊತ್ತಾದಾಗ ಅದನ್ನು ನೋವಾಗದಂತೆ ಹೇಗೆ ಹೇಳುವುದು ಎಂದು ತಿಳಿಯದೆ ಒಳ್ಳೆಯ ಮನಸ್ಸಿನ ಮಾರ್ಗದರ್ಶಕರೂ ಕಡತವನ್ನು ಮುಚ್ಚಿಡುತ್ತಾರೆ. ಹೀಗಾಗಿ ಯಾರಿಗೆ ಪ್ರತಿಕ್ರಿಯೆ ಬೇಗ ಸಿಗಬೇಕಿತ್ತೋ ಅವರಿಗೇ ಅದು ಎಲ್ಲರಿಗಿಂತ ತಡವಾಗಿ ಸಿಗುತ್ತದೆ. ಇನ್ನೊಂದು, ಸಮಯದ ಅಂದಾಜಿನಲ್ಲಿ ಎಲ್ಲ ಮನುಷ್ಯರೂ ಎಡವುತ್ತಾರೆ. ಕೆಲಸಕ್ಕೆ ಹಿಡಿಯುವ ಕಾಲವನ್ನು ನಾವು ಸದಾ ಕಡಿಮೆಯಾಗಿ ಎಣಿಸುತ್ತೇವೆ ಎಂಬುದನ್ನು ಮನೋವಿಜ್ಞಾನಿಗಳಾದ ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವರ್‌ಸ್ಕಿ 1979ರಲ್ಲೇ ಗುರುತಿಸಿದ್ದರು. 1994ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನದಲ್ಲಿ, ಪದವಿ ಹಂತದ ಪ್ರಬಂಧ ಬರೆಯುತ್ತಿದ್ದ ಮನೋವಿಜ್ಞಾನದ ವಿದ್ಯಾರ್ಥಿಗಳು ಸರಾಸರಿ 34 ದಿನಗಳಲ್ಲಿ ಮುಗಿಸುತ್ತೇವೆ ಎಂದು ಅಂದಾಜಿಸಿದ್ದರು. ಎಲ್ಲವೂ ಕೆಟ್ಟು ಹೋದರೆ ಎಷ್ಟಾದೀತು ಎಂದು ಕೇಳಿದಾಗ ಸುಮಾರು 49 ದಿನ ಎಂದಿದ್ದರು. ವಾಸ್ತವದಲ್ಲಿ ಹಿಡಿದದ್ದು ಸರಾಸರಿ 55ಕ್ಕೂ ಹೆಚ್ಚು ದಿನ. ಮಾರ್ಗದರ್ಶಕರು "ಮುಂದಿನ ವಾರ ನೋಡಿ ಹೇಳುತ್ತೇನೆ" ಎನ್ನುವಾಗಲೂ, ವಿದ್ಯಾರ್ಥಿ "ತಿಂಗಳ ಕೊನೆಗೆ ಅಧ್ಯಾಯ ಕೊಡುತ್ತೇನೆ" ಎನ್ನುವಾಗಲೂ ನಡೆಯುವುದು ಇದೇ. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಇಬ್ಬರ ಅಂದಾಜೂ ತಪ್ಪುತ್ತಿದೆ. ಕೊಟ್ಟ ಮಾತು ತಪ್ಪಿದ್ದನ್ನು ಅಗೌರವವೆಂದು ಭಾವಿಸುವ ಮೊದಲು ಇಷ್ಟನ್ನು ನೆನೆದರೆ ಸಂಬಂಧದ ಬಿಸಿ ಸ್ವಲ್ಪ ಇಳಿಯುತ್ತದೆ. ಹಾಗೆಯೇ, ನಿಗದಿ ಮಾಡುವ ದಿನಾಂಕವು ಮೊದಲು ಹೊಳೆದ ದಿನಾಂಕಕ್ಕಿಂತ ತುಸು ದೂರದಲ್ಲಿರಬೇಕು ಎಂಬ ವಿವೇಕವೂ ಬರುತ್ತದೆ.

ಸಕಾಲಿಕ ಎಂದರೆ ಎಷ್ಟು? ಕೆಲವು ವಿಶ್ವವಿದ್ಯಾಲಯಗಳ ಕೈಪಿಡಿಗಳು ಎರಡರಿಂದ ನಾಲ್ಕು ವಾರಗಳ ಮಿತಿಯನ್ನು ಸೂಚಿಸುತ್ತವೆ, ಅದು ಸಮಂಜಸವೂ ಹೌದು. ಆದರೆ ಒಂದೇ ಮಿತಿ ಎಲ್ಲಕ್ಕೂ ಹೊಂದುವುದಿಲ್ಲ. ಸಂಶೋಧನಾ ಪ್ರಸ್ತಾವದ ಎರಡು ಪುಟಗಳಿಗೆ ಮೂರು ವಾರ ಕಾಯಿಸುವುದು ಅನ್ಯಾಯ. ಇಡೀ ಮಹಾಪ್ರಬಂಧದ ಮೊದಲ ಪೂರ್ಣ ಕರಡನ್ನು ಮೂರು ವಾರದಲ್ಲಿ ಓದಿಕೊಡಿ ಎನ್ನುವುದೂ ಅನ್ಯಾಯ, ಏಕೆಂದರೆ ಅಲ್ಲಿ ಮೊದಲ ಅಧ್ಯಾಯದ ಪ್ರತಿಜ್ಞೆ ಕೊನೆಯ ಅಧ್ಯಾಯದಲ್ಲಿ ಈಡೇರಿದೆಯೇ ಎಂದು ಹಿಂದೆ ಮುಂದೆ ತಿರುವಿ ನೋಡಬೇಕಾಗುತ್ತದೆ. ಪ್ರಯೋಗಾಲಯದ ವಿಜ್ಞಾನಗಳಲ್ಲಿ ವಾರದ ಗುಂಪುಸಭೆಯಿರುತ್ತದೆ, ಹಿರಿಯ ಸಂಶೋಧಕರು ಪಕ್ಕದಲ್ಲೇ ಇರುತ್ತಾರೆ, ತಪ್ಪು ದಾರಿ ಹಿಡಿದರೆ ಯಾರಾದರೂ ತಡೆಯುತ್ತಾರೆ. ಮಾನವಿಕ ಮತ್ತು ಸಮಾಜವಿಜ್ಞಾನಗಳಲ್ಲಿ ಬಹಳಷ್ಟು ಸಲ ಆ ಕರಡನ್ನು ಓದುವ ಏಕೈಕ ವ್ಯಕ್ತಿ ಮಾರ್ಗದರ್ಶಕರೇ ಆಗಿರುವುದರಿಂದ ಅವರ ಮೌನ ಸಂಪೂರ್ಣ ಮೌನವಾಗುತ್ತದೆ. ಇನ್ನು ಸಾರಲೇಖ ಸಲ್ಲಿಕೆ, ಫೆಲೋಶಿಪ್ ವಿಸ್ತರಣೆ, ನೋಂದಣಿಯ ಅವಧಿ ಮುಗಿಯುವ ದಿನ ಇಂಥವು ಹತ್ತಿರವಿದ್ದಾಗ ಒಂದು ವಾರದ ವಿಳಂಬಕ್ಕೂ ಬೇರೆಯದೇ ತೂಕವಿರುತ್ತದೆ. ಆದ್ದರಿಂದ ಪ್ರತಿ ಕರಡನ್ನು ಕೊಡುವಾಗಲೂ ಅದರ ಉದ್ದ, ಹಂತ ಮತ್ತು ತುರ್ತು ನೋಡಿ ಆ ಕರಡಿಗಾಗಿಯೇ ಒಂದು ದಿನಾಂಕವನ್ನು ಇಬ್ಬರೂ ಒಪ್ಪಿಕೊಳ್ಳುವುದು ಯಾವ ಸಾರ್ವತ್ರಿಕ ನಿಯಮಕ್ಕಿಂತಲೂ ಉತ್ತಮ ಎಂದು ನಾನು ನಂಬುತ್ತೇನೆ. ಆ ದಿನಾಂಕಕ್ಕೆ ಆಗದಿದ್ದರೆ ಮಾರ್ಗದರ್ಶಕರು ಅದಕ್ಕೂ ಮೊದಲೇ ಒಂದು ಸಾಲು ಬರೆದು ಹೊಸ ದಿನಾಂಕ ತಿಳಿಸಬೇಕು. "ಈ ವಾರ ಆಗಲಿಲ್ಲ, ಇಪ್ಪತ್ತನೇ ತಾರೀಖಿನೊಳಗೆ ಖಂಡಿತ ನೋಡುತ್ತೇನೆ" ಎಂದು ಬರೆಯಲು ಒಂದು ನಿಮಿಷವೂ ಬೇಡ. ವಿದ್ಯಾರ್ಥಿಗೆ ಆ ಒಂದು ಸಾಲು ಎರಡು ವಾರಗಳ ಕೆಲಸವನ್ನು ಉಳಿಸಿಕೊಡುತ್ತದೆ.

ಬೇಗ ಬಂದ ಪ್ರತಿಕ್ರಿಯೆಯೆಲ್ಲ ಒಳ್ಳೆಯ ಪ್ರತಿಕ್ರಿಯೆ ಎಂದೂ ಅಲ್ಲ. ನಲವತ್ತು ಪುಟಗಳ ಅಧ್ಯಾಯ ಮೂರೇ ದಿನದಲ್ಲಿ ಹಿಂದಿರುಗಿ, ಅದರಲ್ಲಿ ಅಲ್ಪವಿರಾಮಗಳನ್ನು ತಿದ್ದಿ, ಹನ್ನೆರಡನೇ ಪುಟದ ಅಂಚಿನಲ್ಲಿ "ಸ್ಪಷ್ಟವಿಲ್ಲ" ಎಂದಷ್ಟೇ ಬರೆದಿದ್ದರೆ ವಿದ್ಯಾರ್ಥಿಗೆ ಸಿಕ್ಕಿದ್ದೇನು? ಆ ಟಿಪ್ಪಣಿಗೆ ವಾಕ್ಯರಚನೆ ತೊಡಕಾಗಿದೆ ಎಂಬ ಅರ್ಥವಿರಬಹುದು, ಪರಿಕಲ್ಪನೆಯನ್ನು ಎರಡು ಕಡೆ ಎರಡು ರೀತಿಯಲ್ಲಿ ಬಳಸಲಾಗಿದೆ ಎಂದಿರಬಹುದು, ಕೊಟ್ಟ ಸಾಕ್ಷ್ಯದಿಂದ ಆ ತೀರ್ಮಾನ ಹೊರಡುವುದಿಲ್ಲ ಎಂದೂ ಇರಬಹುದು. ಮೊದಲನೆಯದನ್ನು ಹತ್ತು ನಿಮಿಷದಲ್ಲಿ ಸರಿಪಡಿಸಬಹುದು, ಎರಡನೆಯದಕ್ಕೆ ಒಂದು ವಾರ ಬೇಕು, ಮೂರನೆಯದು ನಿಜವಾದರೆ ಅಧ್ಯಾಯವನ್ನೇ ಮತ್ತೆ ಯೋಚಿಸಬೇಕು. ಯಾವುದೆಂದು ತಿಳಿಯದ ವಿದ್ಯಾರ್ಥಿ ಸಾಮಾನ್ಯವಾಗಿ ಮೊದಲನೆಯದನ್ನು ಮಾಡಿ ಕಳುಹಿಸುತ್ತಾರೆ. ಹೇಳಿದ್ದನ್ನು ಮಾಡಿಲ್ಲವೆಂದು ಮಾರ್ಗದರ್ಶಕರು ಬೇಸರಗೊಳ್ಳುತ್ತಾರೆ, ಇನ್ನೊಂದು ಸುತ್ತು ವ್ಯರ್ಥವಾಗುತ್ತದೆ. ಜಾನ್ ಹ್ಯಾಟಿ ಮತ್ತು ಹೆಲೆನ್ ಟಿಂಪರ್ಲಿ 2007ರಲ್ಲಿ ಪ್ರಕಟಿಸಿದ, ಶಿಕ್ಷಣ ಕ್ಷೇತ್ರದಲ್ಲಿ ಬಹಳ ಉಲ್ಲೇಖಗೊಳ್ಳುವ ಲೇಖನವೊಂದರ ಪ್ರಕಾರ ಫಲಕಾರಿಯಾದ ಪ್ರತಿಕ್ರಿಯೆ ಮೂರು ಪ್ರಶ್ನೆಗಳಿಗೆ ಉತ್ತರ ಕೊಡಬೇಕು: ನಾನು ತಲುಪಬೇಕಾದದ್ದು ಎಲ್ಲಿಗೆ, ಈಗ ಎಲ್ಲಿದ್ದೇನೆ, ಮುಂದಿನ ಹೆಜ್ಜೆ ಯಾವುದು. ಡಾಕ್ಟರೇಟ್ ಬರಹದ ಮಟ್ಟಿಗೆ ನಾನು ಇದಕ್ಕೆ ಒಂದು ಮಾತನ್ನು ಸೇರಿಸುತ್ತೇನೆ. ಮೊದಲ ಕರಡಿನಲ್ಲಿ ಭಾಷೆಯನ್ನು ತಿದ್ದುತ್ತ ಕೂರುವುದರಿಂದ ಮಾರ್ಗದರ್ಶಕರ ಸಮಯ ವ್ಯರ್ಥವಾಗುತ್ತದೆ, ಏಕೆಂದರೆ ಆ ವಾಕ್ಯಗಳಲ್ಲಿ ಅರ್ಧದಷ್ಟು ಮುಂದಿನ ಕರಡಿನಲ್ಲಿ ಉಳಿಯುವುದೇ ಇಲ್ಲ. ತಮ್ಮದಲ್ಲದ ಭಾಷೆಯಲ್ಲಿ ಪ್ರಬಂಧ ಬರೆಯುವವರ ವಿಷಯದಲ್ಲಿ ಈ ತಪ್ಪು ಹೆಚ್ಚಾಗಿ ನಡೆಯುತ್ತದೆ. ಓದುವವರ ಕಣ್ಣು ವ್ಯಾಕರಣದ ದೋಷಗಳಲ್ಲಿ ಸಿಕ್ಕಿಬಿದ್ದು, ವಾದದಲ್ಲಿನ ಬಿರುಕು ಕೊನೆಯ ಹಂತದವರೆಗೆ ಯಾರಿಗೂ ಕಾಣದೆ ಉಳಿಯುತ್ತದೆ. ಮೊದಲ ಓದಿನಲ್ಲಿ ವಾದದ ಬಗ್ಗೆ ಒಂದು ಪುಟದ ಅಭಿಪ್ರಾಯ, ಬೇಕಾದರೆ ಹದಿನೈದು ನಿಮಿಷದ ಮಾತು. ಸಾಲು ಸಾಲಾಗಿ ತಿದ್ದುವ ಕೆಲಸ ಕೊನೆಯ ಸುತ್ತಿಗೆ. ಈ ಕ್ರಮ ಇಬ್ಬರ ಸಮಯವನ್ನೂ ಉಳಿಸುತ್ತದೆ.

ಅಂಥ ಓದು ಬೇಕೆಂದರೆ ವಿದ್ಯಾರ್ಥಿಯೂ ಅದಕ್ಕೆ ದಾರಿ ಮಾಡಿಕೊಡಬೇಕು. ಕರಡಿನ ಜೊತೆಗೆ ಕಳುಹಿಸುವ ಪತ್ರದಲ್ಲಿ ಐದಾರು ವಾಕ್ಯಗಳಿದ್ದರೆ ಸಾಕು. "ಮೇಡಂ, ಇದು ಮೂರನೇ ಅಧ್ಯಾಯದ ಎರಡನೇ ಕರಡು, 28 ಪುಟಗಳಿವೆ. ಎರಡನೇ ಭಾಗದಲ್ಲಿ ಸಂದರ್ಶನಗಳನ್ನು ವರ್ಗೀಕರಿಸಿದ ರೀತಿ ಸರಿಯಿದೆಯೇ ಎಂಬುದು ನನ್ನ ಮುಖ್ಯ ಪ್ರಶ್ನೆ, ಅದು ತೀರ್ಮಾನವಾಗದೆ ನಾಲ್ಕನೇ ಅಧ್ಯಾಯ ಆರಂಭಿಸಲಾರೆ. ಉಪಸಂಹಾರ ಇನ್ನೂ ಒರಟಾಗಿದೆ, ಅದನ್ನು ಈಗ ಓದಬೇಕಾಗಿಲ್ಲ. ಕಳೆದ ಸಲ ತಾವು ಸೂಚಿಸಿದ ಬದಲಾವಣೆಗಳಲ್ಲಿ ಯಾವುದನ್ನು ಮಾಡಿದ್ದೇನೆ, ಯಾವುದನ್ನು ಏಕೆ ಮಾಡಿಲ್ಲ ಎಂಬುದನ್ನು ಪ್ರತ್ಯೇಕ ಪುಟದಲ್ಲಿ ಬರೆದಿದ್ದೇನೆ. ಹದಿನೆಂಟನೇ ತಾರೀಖಿನ ಹೊತ್ತಿಗೆ ತಮ್ಮ ಅಭಿಪ್ರಾಯ ಸಿಕ್ಕರೆ ಅನುಕೂಲ. ಕಷ್ಟವಾದರೆ ತಮಗೆ ಆಗುವ ದಿನ ತಿಳಿಸಿ." ಈ ಪತ್ರದಲ್ಲಿ ಗೌರವಕ್ಕೆ ಎಲ್ಲೂ ಕೊರತೆಯಿಲ್ಲ, ಆದರೆ ಓದುವವರು ಎಲ್ಲಿ ಗಮನ ಕೊಡಬೇಕು ಎಂಬುದು ಗೊತ್ತಾಗುತ್ತದೆ. ಎಂಟು ಗಂಟೆಯ ಓದು ಮೂರು ಗಂಟೆಗೆ ಇಳಿಯುತ್ತದೆ. ಬಹುಶಃ ಇದಕ್ಕಿಂತ ಹೆಚ್ಚಾಗಿ, ಎಂಟು ಗಂಟೆ ಒಟ್ಟಿಗೆ ಸಿಗುವ ದಿನಕ್ಕಾಗಿ ಕಾಯುತ್ತಿದ್ದ ಮಾರ್ಗದರ್ಶಕರು ಇವತ್ತೇ ಸಂಜೆ ಕಡತವನ್ನು ತೆರೆಯುತ್ತಾರೆ. ಭೇಟಿಯ ನಂತರ ಏನು ತೀರ್ಮಾನವಾಯಿತು ಎಂಬುದನ್ನು ನಾಲ್ಕು ಸಾಲಿನಲ್ಲಿ ಬರೆದು ಇಬ್ಬರಿಗೂ ಉಳಿಯುವಂತೆ ಕಳುಹಿಸುವ ಅಭ್ಯಾಸವೂ ಇದರ ಜೊತೆಗೆ ಇರಬೇಕು. ಆರು ತಿಂಗಳ ನಂತರ ಅದೇ ಮಾರ್ಗದರ್ಶಕರು ತಮ್ಮ ಹಿಂದಿನ ಸಲಹೆಗೆ ತದ್ವಿರುದ್ಧವಾದ ಸಲಹೆ ಕೊಡುವುದು ಅಪರೂಪವಲ್ಲ. ಆಗ ನೆನಪಿನ ಮೇಲೆ ವಾದಿಸುವ ಬದಲು ಆ ನಾಲ್ಕು ಸಾಲುಗಳನ್ನು ತೋರಿಸಿ ಕೇಳಬಹುದು.

ನಿಯಮಗಳು ಈ ವಿಷಯದಲ್ಲಿ ಎಷ್ಟು ದೂರ ಬರುತ್ತವೆ ಎಂಬುದನ್ನೂ ನೋಡಬೇಕು. 2005ರಲ್ಲಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ ಯುರೋಪಿನ ವಿಶ್ವವಿದ್ಯಾಲಯಗಳು ಡಾಕ್ಟರೇಟ್ ಶಿಕ್ಷಣಕ್ಕಾಗಿ ಹತ್ತು ತತ್ವಗಳನ್ನು ರೂಪಿಸಿದಾಗ, ಮಾರ್ಗದರ್ಶನವು ವಿದ್ಯಾರ್ಥಿ, ಮಾರ್ಗದರ್ಶಕ ಮತ್ತು ಸಂಸ್ಥೆ ಈ ಮೂವರ ಹೊಣೆಗಳನ್ನು ಹಂಚುವ ಪಾರದರ್ಶಕ ಒಪ್ಪಂದದ ಚೌಕಟ್ಟಿನಲ್ಲಿ ನಡೆಯಬೇಕು ಎಂಬುದು ಅವುಗಳಲ್ಲಿ ಒಂದಾಗಿತ್ತು. ಅದೇ ವರ್ಷ ಯುರೋಪಿಯನ್ ಆಯೋಗ ಹೊರಡಿಸಿದ ಸಂಶೋಧಕರ ಸನ್ನದು, ತರಬೇತಿಯ ಹಂತದಲ್ಲಿರುವ ಸಂಶೋಧಕರು ಮಾರ್ಗದರ್ಶಕರೊಂದಿಗೆ ಕ್ರಮಬದ್ಧ ಸಂಪರ್ಕ ಇಟ್ಟುಕೊಳ್ಳಬೇಕು, ಪ್ರಗತಿಯ ದಾಖಲೆ ಇಡಬೇಕು, ಒಪ್ಪಿಕೊಂಡ ವೇಳಾಪಟ್ಟಿಯಂತೆ ಕೆಲಸ ಮಾಡಬೇಕು ಎಂದಿತ್ತು. ಭಾರತದ 2022ರ ನಿಯಮಾವಳಿಯಲ್ಲಿ ಪಿಎಚ್.ಡಿ.ಗೆ ಕನಿಷ್ಠ ಮೂರು, ಗರಿಷ್ಠ ಆರು ವರ್ಷಗಳ ಅವಧಿಯಿದೆ, ಮರುನೋಂದಣಿಯ ಮೂಲಕ ಎರಡು ವರ್ಷಗಳವರೆಗೆ ವಿಸ್ತರಣೆಗೆ ಅವಕಾಶವಿದೆ, ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರತಿ ಸೆಮಿಸ್ಟರ್ ಪ್ರಗತಿ ಮಂಡಿಸಬೇಕೆಂಬ ವಿಧಿಯಿದೆ. ಗಮನಿಸಬೇಕಾದ ಸಂಗತಿಯೆಂದರೆ ಗಡಿಯಾರದ ಮುಳ್ಳು ಇಲ್ಲಿ ವಿದ್ಯಾರ್ಥಿಯ ಕಡೆಗೆ ಮಾತ್ರ ತಿರುಗಿದೆ. ಅವಧಿ ಮೀರಿದರೆ ನೋಂದಣಿ ಕಳೆದುಕೊಳ್ಳುವವರು ವಿದ್ಯಾರ್ಥಿ. ಕರಡನ್ನು ಇಷ್ಟು ದಿನದೊಳಗೆ ಓದಿಕೊಡಬೇಕು ಎಂಬ ಮಿತಿ ಮಾರ್ಗದರ್ಶಕರಿಗಿಲ್ಲ. ಸಲಹಾ ಸಮಿತಿಯ ವರದಿಯ ನಮೂನೆಯಲ್ಲಿ ವಿದ್ಯಾರ್ಥಿ ಏನು ಬರೆದರು ಎಂಬ ಅಂಕಣದ ಪಕ್ಕದಲ್ಲೇ, ಯಾವ ಕರಡು ಯಾವ ದಿನ ಸಲ್ಲಿಕೆಯಾಯಿತು ಮತ್ತು ಯಾವ ದಿನ ಅಭಿಪ್ರಾಯದೊಂದಿಗೆ ಮರಳಿತು ಎಂಬ ಎರಡು ಅಂಕಣಗಳನ್ನು ಸೇರಿಸಿದರೆ ಯಾರ ಮೇಲೂ ಆರೋಪ ಹೊರಿಸದೆಯೇ ಇಡೀ ಚಿತ್ರ ಕಾಣುತ್ತದೆ.

ಹೀಗೆ ದಾಖಲೆಯ ಮೂಲಕ ಕಾಣಿಸುವುದು ಏಕೆ ಮುಖ್ಯವೆಂದರೆ, ಬಾಯಿಬಿಟ್ಟು ದೂರುವುದು ಸಂಶೋಧನಾರ್ಥಿಗೆ ಬಹುಮಟ್ಟಿಗೆ ಅಸಾಧ್ಯ. ಪ್ರಗತಿ ವರದಿಗೆ ಸಹಿ ಹಾಕುವವರು, ಫೆಲೋಶಿಪ್ ಬಿಡುಗಡೆಗೆ ಶಿಫಾರಸು ಮಾಡುವವರು, ಮಹಾಪ್ರಬಂಧ ಸಲ್ಲಿಕೆಗೆ ಪ್ರಮಾಣಪತ್ರ ಕೊಡುವವರು, ನಾಳೆ ಉದ್ಯೋಗದ ಅರ್ಜಿಗೆ ಪರಿಚಯಪತ್ರ ಬರೆಯುವವರು ಎಲ್ಲರೂ ಒಬ್ಬರೇ. ಅಧಿಕಾರ ಇಷ್ಟು ಒಂದೇ ಕಡೆ ಸೇರಿರುವಲ್ಲಿ "ಸಮಸ್ಯೆಯಿದ್ದರೆ ವಿಭಾಗದ ಮುಖ್ಯಸ್ಥರಿಗೆ ತಿಳಿಸಿ" ಎಂಬ ಸೂಚನೆಯಿಂದ ಯಾರಿಗೂ ಧೈರ್ಯ ಬರುವುದಿಲ್ಲ. ಮುಖ್ಯಸ್ಥರು ಆ ಮಾರ್ಗದರ್ಶಕರ ಸಹೋದ್ಯೋಗಿ, ಕೆಲವೊಮ್ಮೆ ಆ ಮಾರ್ಗದರ್ಶಕರೇ ಮುಖ್ಯಸ್ಥರು. ಬ್ರಿಟನ್ ಮತ್ತು ಆಸ್ಟ್ರೇಲಿಯಾದ ಅನೇಕ ವಿಶ್ವವಿದ್ಯಾಲಯಗಳು ಪ್ರತಿ ವಿದ್ಯಾರ್ಥಿಗೂ ಕನಿಷ್ಠ ಇಬ್ಬರು ಮಾರ್ಗದರ್ಶಕರನ್ನು ಕಡ್ಡಾಯ ಮಾಡಿರುವುದರ ಹಿಂದೆ ಇದೂ ಒಂದು ಉದ್ದೇಶ. ಒಬ್ಬರು ಸಿಗದಿದ್ದಾಗ ಇನ್ನೊಬ್ಬರು ಓದುತ್ತಾರೆ, ಒಬ್ಬರ ಬಗ್ಗೆ ಹೇಳಲಾಗದ್ದನ್ನು ಇನ್ನೊಬ್ಬರಲ್ಲಿ ಹೇಳಿಕೊಳ್ಳಬಹುದು. ಇದಕ್ಕೆ ತನ್ನದೇ ತೊಡಕೂ ಇದೆ. ಇಬ್ಬರೂ ಒಂದೇ ಅಧ್ಯಾಯವನ್ನು ಓದಿ ಎದುರುಬದುರಾದ ಸಲಹೆ ಕೊಟ್ಟರೆ ನಡುವೆ ಸಿಕ್ಕಿಕೊಳ್ಳುವವರು ವಿದ್ಯಾರ್ಥಿಯೇ. ಯಾರ ಅಭಿಪ್ರಾಯ ಯಾವ ವಿಷಯದಲ್ಲಿ ಅಂತಿಮ, ಕರಡು ಮೊದಲು ಯಾರಿಗೆ ಹೋಗಬೇಕು, ಇಬ್ಬರ ಟಿಪ್ಪಣಿಗಳೂ ಒಂದೇ ಪ್ರತಿಯ ಮೇಲೆ ಇರಬೇಕೇ ಎಂಬುದನ್ನು ಆರಂಭದಲ್ಲೇ ಇತ್ಯರ್ಥ ಮಾಡದಿದ್ದರೆ ಎರಡನೇ ಮಾರ್ಗದರ್ಶಕರು ಎರಡನೇ ವಿಳಂಬವಾಗುತ್ತಾರೆ.

ಸಹಪಾಠಿಗಳ ಓದುಗುಂಪನ್ನೂ ಇಲ್ಲಿ ಹೆಸರಿಸಬೇಕು. ನಾಲ್ಕೈದು ಸಂಶೋಧನಾರ್ಥಿಗಳು ತಿಂಗಳಿಗೊಮ್ಮೆ ಸೇರಿ ಒಬ್ಬರ ಕರಡನ್ನು ಎಲ್ಲರೂ ಓದಿ ಮಾತನಾಡುವುದು ಮಾರ್ಗದರ್ಶಕರ ಓದಿಗೆ ಬದಲಿಯಾಗಲಾರದು, ಆದರೆ ಮೊದಲ ಕರಡಿನ ಎದ್ದುಕಾಣುವ ತೊಡಕುಗಳು ಅಲ್ಲೇ ನಿವಾರಣೆಯಾಗುತ್ತವೆ, ಬರಹಕ್ಕೆ ಇನ್ನೊಬ್ಬ ಓದುಗರಿದ್ದಾರೆ ಎಂಬ ಭರವಸೆಯೂ ಸಿಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಕೆಡುಕಾಗುವುದು ಮಾರ್ಗದರ್ಶಕರು ದೀರ್ಘ ರಜೆಯ ಮೇಲೆ ಹೋದಾಗ, ನಿವೃತ್ತರಾದಾಗ ಅಥವಾ ಬೇರೆ ಸಂಸ್ಥೆಗೆ ಹೋದಾಗ. ಆಗ ಅಧಿಕೃತವಾಗಿ ಮಾರ್ಗದರ್ಶಕರೊಬ್ಬರು ಇರುತ್ತಾರೆ, ಕರಡು ಓದುವವರು ಯಾರೂ ಇರುವುದಿಲ್ಲ. ಬದಲಿ ವ್ಯವಸ್ಥೆಗಾಗಿ ಅರ್ಜಿ, ಸಮಿತಿಯ ಸಭೆ, ಆದೇಶ ಎಂದು ತಿಂಗಳುಗಳು ಕಳೆಯುತ್ತವೆ. ಹೊಸದಾಗಿ ಬಂದವರು ಹಿಂದಿನವರು ಒಪ್ಪಿದ್ದ ಅಧ್ಯಾಯಗಳನ್ನು ಮತ್ತೆ ಮೊದಲಿನಿಂದ ಪ್ರಶ್ನಿಸತೊಡಗುವುದೂ ಉಂಟು. ಇದನ್ನು ತಡೆಯುವುದು ಕಷ್ಟವೇನಲ್ಲ. ಮಾರ್ಗದರ್ಶಕರ ಗೈರುಹಾಜರಿ ಇಂತಿಷ್ಟು ವಾರ ಮೀರಿದರೆ ಓದುವ ಹೊಣೆ ಯಾರದೆಂದು ನೋಂದಣಿಯ ದಿನವೇ ಹೆಸರಿಸಿಡಬಹುದು. ಹಿಂದಿನ ಮಾರ್ಗದರ್ಶಕರು ಲಿಖಿತವಾಗಿ ಒಪ್ಪಿದ ಅಧ್ಯಾಯಗಳನ್ನು ಹೊಸಬರು ಮತ್ತೆ ತೆರೆಯಬೇಕಾದರೆ ಸಲಹಾ ಸಮಿತಿಗೆ ಕಾರಣ ಕೊಡಬೇಕೆಂದು ನಿಯಮ ಮಾಡಬಹುದು. ವಿದ್ಯಾರ್ಥಿಯದಲ್ಲದ ಕಾರಣಕ್ಕೆ ಕಳೆದುಹೋದ ತಿಂಗಳುಗಳನ್ನು ನೋಂದಣಿಯ ಅವಧಿಯ ಲೆಕ್ಕದಿಂದ ಹೊರಗಿಡಲೂಬಹುದು. ಈ ಮೂರರಲ್ಲಿ ಮೊದಲೆರಡಕ್ಕೆ ಹಣವೂ ಬೇಡ, ಹೊಸ ಹುದ್ದೆಯೂ ಬೇಡ, ವಿಭಾಗದ ಒಂದು ಸಭೆಯಲ್ಲಿ ತೀರ್ಮಾನ ಮಾಡಿ ಮುಂದಿನ ನೋಂದಣಿಯಿಂದಲೇ ಜಾರಿಗೆ ತರಬಹುದು. ಮೂರನೆಯದಕ್ಕೆ ವಿಶ್ವವಿದ್ಯಾಲಯದ ನಿಯಮ ಬದಲಾಗಬೇಕು, ಅದಕ್ಕಾಗಿ ಸಂಶೋಧನಾರ್ಥಿಗಳ ಜೊತೆಗೆ ಮಾರ್ಗದರ್ಶಕರೂ ಒತ್ತಾಯಿಸಬೇಕು.